ಕಾರ್ಡಿನಲ್ಲಿ ಹಿಡಿಸದ ವಾಗ್ದಾನ

ಡಿಸೆಂಬರ್ 31ರ ರಾತ್ರಿ ಕರ್ನಾಟಕದ ಅನೇಕ ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಹೆಚ್ಚುಕಡಿಮೆ ಒಂದೇ ಕ್ರಮ. ಹತ್ತೂವರೆ, ಹನ್ನೊಂದಕ್ಕೆ ಆರಾಧನೆ ಶುರು. ಕಳೆದ ವರ್ಷಕ್ಕಾಗಿ ಸ್ತೋತ್ರ, ಒಂದಿಷ್ಟು ಸಾಕ್ಷಿ, ಪ್ರಸಂಗ, ಹನ್ನೆರಡು ಹೊಡೆಯುವ ಹೊತ್ತಿಗೆ ಮೊಣಕಾಲೂರಿ ಪ್ರಾರ್ಥನೆ. ಗಂಟೆ ಬಾರಿಸಿ, ಪರಸ್ಪರ ಕೈಕುಲುಕಿದ ಮೇಲೆ ಜನ ಸಾಲುಗಟ್ಟುವುದು ವಾಗ್ದಾನದ ಕಾರ್ಡಿಗೆ. ತಟ್ಟೆಯಲ್ಲೋ ಬುಟ್ಟಿಯಲ್ಲೋ ಮಗುಚಿಟ್ಟ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಂಡರೆ ಆ ವರ್ಷಕ್ಕೆ ದೇವರು ತನಗೆ ಕೊಟ್ಟ ಮಾತು ಅದು. ಬೆಳಗಾಗುವಷ್ಟರಲ್ಲಿ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಅದೇ ವಚನ. ಕಾರ್ಡು ಬೈಬಲ್ಲಿನ ಹಾಳೆಗಳ ನಡುವೆಯೋ ಫ್ರಿಜ್ಜಿನ ಬಾಗಿಲ ಮೇಲೋ ವರ್ಷವಿಡೀ ಉಳಿಯುತ್ತದೆ.

ಇದನ್ನು ಕ್ರೈಸ್ತರ ಗಿಳಿಶಾಸ್ತ್ರ ಎಂದು ನಗುವವರು ಸಭೆಯೊಳಗೇ ಇದ್ದಾರೆ. ಅಷ್ಟು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ ಇದು. ವರ್ಷವಿಡೀ ಬೈಬಲ್ ತೆರೆಯದವರ ಕೈಗೂ ಈ ನೆಪದಲ್ಲಿ ಒಂದು ವಚನ ತಲುಪುತ್ತದೆ. ಆಸ್ಪತ್ರೆಯ ದಿಂಬಿನ ಕೆಳಗೆ, ಪರೀಕ್ಷೆಗೆ ಹೊರಟ ಮಕ್ಕಳ ಪೌಚಿನಲ್ಲಿ, ಊರು ಬಿಟ್ಟು ದುಡಿಯಲು ಹೋದವರ ಪರ್ಸಿನಲ್ಲಿ ಇಂಥ ಕಾರ್ಡುಗಳು ಇರುತ್ತವೆ. ದೇವರು ಬದಲಾಗುವವನಲ್ಲ, ಆತನು ಆಡಿದ ಮಾತು ಬಿದ್ದುಹೋಗುವುದಿಲ್ಲ ಎಂಬುದು ಕ್ರೈಸ್ತ ವಿಶ್ವಾಸದ ಅಂಚಿನ ವಿಷಯವೂ ಅಲ್ಲ. ಅದನ್ನು ತೆಗೆದರೆ ಉಳಿದದ್ದು ನಿಲ್ಲುವುದಿಲ್ಲ. ಆದ್ದರಿಂದಲೇ, ಅಷ್ಟು ದೊಡ್ಡ ನಂಬಿಕೆಯನ್ನು ಈ ಆಚರಣೆ ಹೇಗೆ ಕಾಪಾಡಿಕೊಂಡು ಬಂದಿದೆ ಎಂದು ಕೇಳಬೇಕಾಗಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಡು ವಾಗ್ದಾನದ ಸಿಹಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಅದು ಯಾರಿಗೆ ಬಂತು, ಎಷ್ಟು ಕಾಲ ಕಾಯಿಸಿತು, ಕಾಯುವಾಗ ಜನ ದೇವರೊಂದಿಗೆ ಹೇಗೆ ಜಗಳವಾಡಿದರು ಎಂಬುದನ್ನೆಲ್ಲ ಕತ್ತರಿಸಿ ಹಾಕುತ್ತದೆ. ಕತ್ತರಿಸಿ ಉಳಿದದ್ದು ಒಳ್ಳೆಯ ಶುಭಾಶಯ. ಅದನ್ನು ನಂಬಿ ಬದುಕುವುದು ಕಷ್ಟ.

ಈ ರೂಢಿಯ ಹಿಂದಿನ ಕಥೆ ಹದಿನೆಂಟನೆಯ ಶತಮಾನದ ಜರ್ಮನಿಗೆ ಹೋಗುತ್ತದೆ. 1718ರಲ್ಲಿ ಕಾರ್ಲ್ ಹೈನ್ರಿಕ್ ಫೊನ್ ಬೊಗಾಟ್ಸ್ಕಿ ದೇವರ ಮಕ್ಕಳಿಗೊಂದು ಚಿನ್ನದ ಪೆಟ್ಟಿಗೆ ಎಂಬರ್ಥದ ಹೆಸರಿಟ್ಟು ವಚನಗಳ ಪುಸ್ತಕವೊಂದನ್ನು ಹೊರತಂದ. ಹತ್ತು ವರ್ಷದ ಮೇಲೆ, 1728ರ ಮೇ ತಿಂಗಳಲ್ಲಿ, ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಮೊರೇವಿಯನ್ ಸಹೋದರರಿಗೆ ಅವರ ಆಶ್ರಯದಾತ ಕೌಂಟ್ ಜಿನ್ಸೆಂಡಾರ್ಫ್ ಮರುದಿನಕ್ಕೆಂದು ಒಂದು ಮಾತು ಕೊಟ್ಟ. ಮುಂದೆ ದಿನದಿನವೂ ಹಾಗೆ ಕೊಟ್ಟ ವಚನಗಳು 1731ರ ವರ್ಷಕ್ಕೆ ಪುಸ್ತಕವಾಗಿ ಅಚ್ಚಾದವು. ಅಂದು ಶುರುವಾದ ಪ್ರಕಟಣೆ ಇವತ್ತಿಗೂ ನಡೆದಿದೆ, ಹತ್ತಾರು ಭಾಷೆಗಳಿಗೆ ಹರಡಿದೆ. ಅಲ್ಲಿ ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಅದಕ್ಕೆ ಜೊತೆಯಾಗುವ ಹೊಸ ಒಡಂಬಡಿಕೆಯ ವಚನವನ್ನು ಓದಿ, ವಿಚಾರ ಮಾಡಿ ಗೊತ್ತುಮಾಡುತ್ತಾರೆ. ಕೈಗೆ ಬಂದದ್ದನ್ನು ಬಂದಂತೆಯೇ ಬಿಡದೆ, ಬೈಬಲ್ಲಿನ ಇನ್ನೊಂದು ಮಾತಿನ ಎದುರು ಇಟ್ಟು ಓದುವ ಎಚ್ಚರ ಅದು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಇದೇ ಭಕ್ತಿಯ ಗಾಳಿಯಲ್ಲಿ ಬೆಳೆದವರು. ಬೆಂಗಳೂರು, ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನರಿಗಳಾದರೋ ಜಾಗರಣೆಯ ಆರಾಧನೆಯನ್ನು ಮೆಥೋಡಿಸ್ಟರಲ್ಲಿ ನೆಲೆಗೊಳಿಸಿದ ಜಾನ್ ವೆಸ್ಲಿಯ ಪರಂಪರೆಯವರು. ನಮ್ಮ ಹೊಸವರ್ಷದ ರಾತ್ರಿಯ ಮೇಲೆ ಈ ಎರಡೂ ನೆರಳುಗಳಿವೆ. ಆದರೆ ಹಳೆಯದಕ್ಕೂ ನಮ್ಮದಕ್ಕೂ ಎರಡು ದೊಡ್ಡ ವ್ಯತ್ಯಾಸಗಳನ್ನು ಗಮನಿಸಬೇಕು. ಹೆರ್ನ್‌ಹುಟ್ಟಿನಲ್ಲಿ ಒಂದು ದಿನಕ್ಕೆ ಇಡೀ ಊರಿಗೆ ಒಂದೇ ವಚನ. ಮಗು ಹುಟ್ಟಿದ ಮನೆಗೂ ಹೆಣ ಎತ್ತಿದ ಮನೆಗೂ ಅದೇ ಮಾತು, ಅದರೊಳಗೆ ಇಬ್ಬರೂ ಕೂಡಿ ಬದುಕಬೇಕು. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಒಂದೇ ಬೆಂಚಿನಲ್ಲಿ ಕೂತ ಅಣ್ಣನಿಗೆ ಸಮೃದ್ಧಿ, ತಮ್ಮನಿಗೆ ತಾಳ್ಮೆ. ತಮ್ಮ ಕಾರ್ಡನ್ನು ಮಗುಚಿ ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ.

ಎರಡನೆಯ ವ್ಯತ್ಯಾಸ ಇನ್ನೂ ಆಳದ್ದು. 1755ರಲ್ಲಿ ವೆಸ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆ ಎಂಬುದನ್ನು ಆರಂಭಿಸಿದ. ಮುಂದೆ ಅದು ಮೆಥೋಡಿಸ್ಟರಲ್ಲಿ ಹೊಸವರ್ಷದ ಆರಾಧನೆಯಾಗಿ ನಿಂತಿತು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೂ ಆ ಪರಂಪರೆ ಬಂತು. ಅಲ್ಲಿ ಮಾತು ಕೊಡುವುದು ಸಭೆ. ಸುಖದ ಜಾಗ ಸಿಕ್ಕರೂ ಕಷ್ಟದ ಜಾಗ ಸಿಕ್ಕರೂ ನಾನು ನಿನ್ನವನೇ ಎಂಬರ್ಥದಲ್ಲಿ ಜನ ದೇವರಿಗೆ ತಮ್ಮನ್ನು ಒಪ್ಪಿಸಿಕೊಳ್ಳುತ್ತಾರೆ. ದೇವರ ವಾಗ್ದಾನಕ್ಕೆ ಮನುಷ್ಯರ ಉತ್ತರ ಅದು. ಕಾರ್ಡಿನ ರಾತ್ರಿಯಲ್ಲಿ ಈ ಉತ್ತರದ ಭಾಗವೇ ಇಲ್ಲ. ಪಡೆದುಕೊಳ್ಳುವುದಷ್ಟೇ ಇದೆ. ಒಂದೇ ಪರಂಪರೆಯ ಈ ಎರಡು ರೂಢಿಗಳಲ್ಲಿ ಸುಲಭವಾದದ್ದು ಎಲ್ಲರಿಗೂ ಪ್ರಿಯವಾಯಿತು, ಕಷ್ಟದ್ದು ಆರಾಧನಾ ಪುಸ್ತಕದ ಪುಟಗಳಿಗೆ ಸರಿಯಿತು.

ವಾಗ್ದಾನವನ್ನು ಹೀಗೆ ಪಡೆದುಕೊಳ್ಳುವ ವಸ್ತುವಾಗಿ ಕಾಣುವುದಕ್ಕೆ ಅತ್ಯಂತ ಸಮರ್ಥ ವಕೀಲನೆಂದರೆ ಲಂಡನ್ನಿನ ಬ್ಯಾಪ್ಟಿಸ್ಟ್ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್. 1888ರಲ್ಲಿ ಬಂದ ಅವನ ದಿನವಚನಗಳ ಪುಸ್ತಕದ ಹೆಸರು ವಿಶ್ವಾಸದ ಬ್ಯಾಂಕಿನ ಚೆಕ್‌ಬುಕ್ ಎಂಬರ್ಥದ್ದು. ದೇವರ ವಾಗ್ದಾನ ಒಂದು ಚೆಕ್ಕು. ಓದಿ ಖುಷಿಪಟ್ಟು ಮಡಿಚಿಡುವುದಲ್ಲ, ಕೌಂಟರಿಗೆ ಒಯ್ದು ಪ್ರಾರ್ಥನೆಯಲ್ಲಿ ಮುಂದಿಟ್ಟು ಹಣ ಪಡೆಯಬೇಕು ಎಂಬುದು ಮುನ್ನುಡಿಯ ವಾದ. ನಮ್ಮ ವೇದಿಕೆಗಳಲ್ಲಿ ಕೇಳಿಬರುವ ವಾಗ್ದಾನವನ್ನು ಹಿಡಿದುಕೊಳ್ಳಿರಿ, ನಿಮ್ಮದಾಗಿ ಮಾಡಿಕೊಳ್ಳಿರಿ ಎಂಬ ಮಾತುಗಳಲ್ಲಿ ಈ ಉಪಮೆಯ ಧ್ವನಿಯಿದೆ.

ಸ್ಪರ್ಜನ್ನನಿಗೆ ಅನ್ಯಾಯ ಮಾಡಬಾರದು. ಇದು ಉಂಡು ತೇಗಿದವನು ಬರೆದ ಪುಸ್ತಕವಲ್ಲ. 1887ರಲ್ಲಿ ತತ್ತ್ವದ ಜಗಳದಲ್ಲಿ ಅವನು ಬ್ಯಾಪ್ಟಿಸ್ಟ್ ಒಕ್ಕೂಟವನ್ನು ಬಿಟ್ಟಿದ್ದ, ಹಳೆಯ ಗೆಳೆಯರನ್ನು ಕಳೆದುಕೊಂಡಿದ್ದ. ಸಂಧಿವಾತ, ಖಿನ್ನತೆ ಅವನನ್ನು ಬಹುಕಾಲ ಕಾಡಿದ್ದವು. 1892ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. ಚೆಕ್ಕಿನ ಮೇಲಿನ ತಾರೀಕು ಮುಂದಿನದಾಗಿದ್ದರೆ ತಾಳ್ಮೆಯಿಂದ ಕಾಯಬೇಕು ಎಂಬುದನ್ನೂ ಮುನ್ನುಡಿಯಲ್ಲೇ ಹೇಳಿದ್ದಾನೆ. ಅವನ ಹೆಸರು ಹೇಳುವವರು ಈ ಮಾತನ್ನು ನೆನಪಿಟ್ಟುಕೊಂಡದ್ದು ಕಡಿಮೆ. ಆದರೂ ಉಪಮೆಯೊಳಗೇ ಒಂದು ಕೊರತೆಯಿದೆ. ಚೆಕ್ಕಿನ ಮೇಲೆ ಪಡೆಯುವವನ ಹೆಸರಿರುತ್ತದೆ. ಬೇರೆಯವರ ಹೆಸರಿನ ಚೆಕ್ಕನ್ನು ನಾನು ಒಯ್ದರೆ ಏನಾಗಬೇಕು? ಚೆಕ್ಕು ತಂದವನಿಗೂ ಬರೆದುಕೊಟ್ಟವನಿಗೂ ಮುಖಪರಿಚಯ ಇರಬೇಕಾಗಿಯೂ ಇಲ್ಲ, ವ್ಯವಹಾರ ನಡೆದುಹೋಗುತ್ತದೆ. ಬೈಬಲ್ಲಿನ ವಾಗ್ದಾನಗಳು ನಡೆಯುವುದು ಇದಕ್ಕೆ ತೀರ ವಿರುದ್ಧವಾಗಿ. ಅಲ್ಲಿ ಎಲ್ಲ ಭಾರವೂ ಕೊಟ್ಟವನ ಮತ್ತು ಪಡೆದವನ ನಡುವಿನ ಸಂಬಂಧದ ಮೇಲೆ ಬೀಳುತ್ತದೆ.

ಹೆಸರಿನ ಪ್ರಶ್ನೆಯನ್ನೇ ಮೊದಲು ನೋಡೋಣ. ಕಾರ್ಡುಗಳಲ್ಲಿ ಅತ್ಯಂತ ಜನಪ್ರಿಯವಾದ ವಚನಗಳಲ್ಲೊಂದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಹಿತದವು, ನಿಮಗೆ ನಿರೀಕ್ಷೆಯ ಭವಿಷ್ಯವಿದೆ ಎಂಬುದು ಅದರ ತಾತ್ಪರ್ಯ. ಕೆಲಸ ಹುಡುಕುವವರಿಗೆ, ವೀಸಾ ಕಾಯುವವರಿಗೆ, ಮದುವೆಗೆ ನಿಂತವರಿಗೆ ಇದಕ್ಕಿಂತ ಬೇಕಾದ ಮಾತು ಇನ್ನೊಂದಿಲ್ಲ. ಆದರೆ ಅದು ಒಂದು ಕಾಗದದ ನಡುವಿನ ಸಾಲು. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿನಿಂದ ಸೆರೆಹಿಡಿದು ಒಯ್ದ ಜನರಿಗೆ ಯೆರೆಮೀಯ ಬರೆದ ಕಾಗದ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ವಾಪಸು ಎಂದು ದೇವಾಲಯದಲ್ಲಿ, ಎಲ್ಲರೆದುರು, ದೇವರ ಹೆಸರಿನಲ್ಲೇ ಸಾರುತ್ತಾನೆ. ಯೆರೆಮೀಯನ ಕೊರಳ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನರಿಗೆ ಎಷ್ಟು ಹಿತವಾಗಿ ಕೇಳಿಸಿರಬೇಕು! ಅವನು ಸುಳ್ಳು ನುಡಿದನೆಂದು ತೀರ್ಪಾಗಿ ಅದೇ ವರ್ಷ ಸಾಯುತ್ತಾನೆ.

ಆ ಹಿನ್ನೆಲೆಯಲ್ಲಿ ಕಾಗದವನ್ನು ಓದಿದರೆ ಮೈ ಸಣ್ಣಗೆ ನಡುಗುತ್ತದೆ. ಹನ್ನೊಂದನೆಯ ವಚನಕ್ಕೆ ಮುಂಚಿನ ಹತ್ತನೆಯದು ಎಪ್ಪತ್ತು ವರ್ಷ ಎನ್ನುತ್ತದೆ. ಎಪ್ಪತ್ತು! ನಡುವಯಸ್ಸಿನಲ್ಲಿ ಆ ಕಾಗದವನ್ನು ಕೇಳಿಸಿಕೊಂಡವನು ಬಾಬೆಲಿನಲ್ಲೇ ಮಣ್ಣಾಗುತ್ತಾನೆ ಎಂದು ಅದರರ್ಥ. ಹಾಗಿದ್ದೂ ಅವನಿಗೆ ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣಕ್ಕೇ ಒಳ್ಳೆಯದಾಗಲೆಂದು ಪ್ರಾರ್ಥಿಸಿ. ಬೇಗ ಬಿಡುಗಡೆ ಎನ್ನುವ ಪ್ರವಾದಿಗಳ ಮಾತಿಗೆ ಕಿವಿಗೊಡಬೇಡಿ. ನಿರೀಕ್ಷೆಯ ಭವಿಷ್ಯದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಹನನ್ಯ ಮಾಡಿದ್ದು ಅವಧಿಯನ್ನು ಕಡಿಮೆ ಮಾಡುವ ಕೆಲಸ. ಎಪ್ಪತ್ತು ವರ್ಷವನ್ನು ಎರಡಕ್ಕೆ ಇಳಿಸಿದ. ನಮ್ಮ ಕಾರ್ಡು ಅದನ್ನು ಒಂದೇ ವರ್ಷಕ್ಕೆ ಇಳಿಸಿದೆ. ಯೆರೆಮೀಯನ ವಚನವನ್ನು ಹನನ್ಯನ ತಾರೀಕಿನೊಂದಿಗೆ ಹಂಚುತ್ತಿದ್ದೇವೆ. ಇದು ಕಟುವಾಗಿ ಕೇಳಿಸಬಹುದು, ಆದರೆ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದವರಿಗೆ ಬೇರೆ ತೀರ್ಮಾನಕ್ಕೆ ಬರುವುದು ಸುಲಭವಲ್ಲ.

ಬದಲಾಗದವನು ಎಂಬ ಮಾತಿಗೂ ಇದೇ ಗತಿ. ಮಲಾಕಿಯ 3:6ರಲ್ಲಿ ದೇವರು ತಾನು ಮಾರ್ಪಡುವವನಲ್ಲ ಎನ್ನುತ್ತಾನೆ. ಕಾರ್ಡಿಗೆ ಹೇಳಿಮಾಡಿಸಿದ ಮಾತು. ಅದಕ್ಕೆ ಮುಂಚಿನ ಐದನೆಯ ವಚನದಲ್ಲಿ ಕೂಲಿಯವನ ಕೂಲಿಯನ್ನು ಹಿಡಿದುಕೊಳ್ಳುವವರು, ವಿಧವೆಯನ್ನೂ ತಂದೆಯಿಲ್ಲದ ಮಕ್ಕಳನ್ನೂ ಹಿಂಸಿಸುವವರು, ಪರದೇಶಿಯ ನ್ಯಾಯವನ್ನು ತಪ್ಪಿಸುವವರು, ಇವರ ವಿರುದ್ಧ ದೇವರೇ ಸಾಕ್ಷಿಗೆ ನಿಲ್ಲುತ್ತಾನೆ. ನೀವು ಇನ್ನೂ ನಾಶವಾಗದೆ ಉಳಿದಿರುವುದು ನಾನು ಮಾರ್ಪಡದವನಾದ್ದರಿಂದ, ಈಗಲಾದರೂ ತಿರುಗಿಕೊಳ್ಳಿ ಎಂಬುದು ಮುಂದಿನ ಮಾತಿನ ದಾರಿ. ಬದಲಾಗದ ದೇವರೆಂದರೆ ಕೂಲಿಯ ವಿಷಯದಲ್ಲೂ ಬದಲಾಗದ ದೇವರು. ಬಾಕಿ ಕೂಲಿ ಕೊಡದ ಗುತ್ತಿಗೆದಾರನೂ ಕೂಲಿ ಸಿಗದ ಕೆಲಸಗಾರನೂ ಒಂದೇ ಸಾಲಿನಲ್ಲಿ ನಿಂತು ಅದೇ ಕಾರ್ಡನ್ನು ಎತ್ತಿಕೊಂಡರೆ, ಒಬ್ಬನಿಗೆ ಅದು ಆಸರೆ, ಇನ್ನೊಬ್ಬನಿಗೆ ಆಪಾದನೆಯ ಪತ್ರ. ಕಾರ್ಡು ಅದನ್ನು ಇಬ್ಬರಿಗೂ ಆಶೀರ್ವಾದವಾಗಿಯೇ ಕೊಡುತ್ತದೆ.

ಇನ್ನು ಕಾಯುವ ವಿಷಯ. ವಿಶ್ವಾಸಿಗಳ ತಂದೆ ಎನಿಸಿಕೊಂಡ ಅಬ್ರಹಾಮ ಎಪ್ಪತ್ತೈದನೆಯ ವಯಸ್ಸಿನಲ್ಲಿ ಊರು ಬಿಟ್ಟ. ಮಗ ಇಸಾಕ ಹುಟ್ಟಿದ್ದು ನೂರನೆಯ ವಯಸ್ಸಿನಲ್ಲಿ. ನಡುವೆ ಕಾದು ಕಾದು ಸಾಕಾಗಿ ಹಾಗರಳಲ್ಲಿ ಮಗನನ್ನು ಪಡೆದ, ಅದರಿಂದ ಒಬ್ಬ ದಾಸಿ ಮತ್ತವಳ ಮಗು ಮರಳುಗಾಡಿನ ಪಾಲಾದರು. ಆದಿಕಾಂಡ ಇದನ್ನು ಮುಚ್ಚಿಡುವುದಿಲ್ಲ. ಮಗ ಹುಟ್ಟುವನೆಂದಾಗ ಅಬ್ರಹಾಮ ಬೋರಲುಬಿದ್ದು ನಕ್ಕದ್ದನ್ನೂ ಹೇಳುತ್ತದೆ. ದೇಶವನ್ನೇ ಕೊಡುತ್ತೇನೆಂದು ದೇವರು ಆಣೆಯಿಟ್ಟಿದ್ದ. ನೂರ ಎಪ್ಪತ್ತೈದನೆಯ ವಯಸ್ಸಿನಲ್ಲಿ ಅಬ್ರಹಾಮ ಸಾಯುವಾಗ ಆ ದೇಶದಲ್ಲಿ ಅವನದೆಂದು ಇದ್ದದ್ದು ಹೆಂಡತಿಯನ್ನು ಹೂಳಲು ನಾನೂರು ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡ ಮಕ್ಪೇಲದ ಗವಿ ಮತ್ತು ಹೊಲ. ವಾಗ್ದಾನದ ದೇಶದಲ್ಲಿ ಒಂದು ಸಮಾಧಿ, ಅದೂ ದುಡ್ಡು ಕೊಟ್ಟು! ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ ಇಂಥವರ ಸಾಲನ್ನೇ ಎಣಿಸಿ, ಇವರೆಲ್ಲರೂ ನಂಬಿದವರು, ಆದರೂ ವಾಗ್ದಾನದ ಫಲವನ್ನು ಹೊಂದದೆ ತೀರಿಹೋದರು ಎಂದು ಮುಗಿಸುತ್ತದೆ. ಆ ಅಧ್ಯಾಯದ ಮೊದಲ ವಚನ ಕಾರ್ಡುಗಳಲ್ಲಿ ಸಿಗುತ್ತದೆ. ಮೂವತ್ತೊಂಬತ್ತನೆಯದು ಎಂದಾದರೂ ಯಾರದಾದರೂ ಕೈಗೆ ಬಂದೀತೇ?

ಕಾರ್ಡು ಬಿಟ್ಟುಬಿಡುವ ಸಂಗತಿಗಳಲ್ಲೆಲ್ಲ ನನಗೆ ಅತಿ ದೊಡ್ಡ ನಷ್ಟವೆಂದು ಕಾಣುವುದು ಜಗಳ. ಎಂಬತ್ತೊಂಬತ್ತನೆಯ ಕೀರ್ತನೆಯನ್ನು ತೆಗೆದುಕೊಳ್ಳಿ. ಐವತ್ತೆರಡು ವಚನಗಳ ಈ ಕೀರ್ತನೆ ವಾಗ್ದಾನದ ವಿಷಯದಲ್ಲಿ ಬೈಬಲ್ಲಿನ ಅತ್ಯಂತ ದೊಡ್ಡ ಪಾಠ ಎಂದರೆ ಅತಿಶಯವಲ್ಲ. ಮೊದಲ ಮೂವತ್ತೇಳು ವಚನಗಳಲ್ಲಿ ದೇವರ ನಂಬಿಗಸ್ತಿಕೆಯ ಕೊಂಡಾಟ. ದಾವೀದನ ಸಂತತಿಯೊಂದಿಗೆ ಮಾಡಿದ ಒಡಂಬಡಿಕೆಯನ್ನು ಮುರಿಯುವುದಿಲ್ಲ, ಬಾಯಿಂದ ಹೊರಟ ಮಾತನ್ನು ಬದಲಿಸುವುದಿಲ್ಲ, ಅವನ ಸಿಂಹಾಸನ ಸೂರ್ಯಚಂದ್ರರಂತೆ ನಿಲ್ಲುತ್ತದೆ ಎಂದು ದೇವರೇ ಆಡಿದ ಮಾತುಗಳ ನೆನಪು. ಕಾರ್ಡು ಮಾಡುವವರಿಗೆ ಇಲ್ಲಿ ಹಬ್ಬ. ಮೂವತ್ತೆಂಟನೆಯ ವಚನಕ್ಕೆ ಬಂದ ಕೂಡಲೇ ನೆಲ ಬಿರಿಯುತ್ತದೆ. ನೀನೇ ಆ ಒಡಂಬಡಿಕೆಯನ್ನು ಹೇಸಿ ಬಿಟ್ಟೆ, ಅವನ ಕಿರೀಟವನ್ನು ಮಣ್ಣಿಗೆ ಎಸೆದೆ, ಸಿಂಹಾಸನವನ್ನು ಕೆಡವಿದೆ, ಹಿಂದೆ ತೋರಿಸಿದ ಆ ಪ್ರೀತಿಯೆಲ್ಲ ಈಗ ಎಲ್ಲಿ ಹೋಯಿತು ಎಂದು ಕೀರ್ತನೆಕಾರ ದೇವರನ್ನೇ ಎದುರು ನಿಲ್ಲಿಸಿ ಕೇಳುತ್ತಾನೆ. ಉತ್ತರ ಬರುವುದಿಲ್ಲ. ಕೊನೆಯ ಸ್ತುತಿಯ ವಚನ ಕೀರ್ತನೆಗಳ ಮೂರನೆಯ ಭಾಗದ ಮುಕ್ತಾಯಕ್ಕೆ ಸೇರಿದ್ದು. ಕೇಳಿದ ಪ್ರಶ್ನೆಗಳು ಪ್ರಶ್ನೆಗಳಾಗಿಯೇ ಉಳಿಯುತ್ತವೆ.

ಎರಡನೆಯ ಭಾಗವನ್ನು ಅವಿಶ್ವಾಸ ಎನ್ನುವವರು ಮೊದಲ ಭಾಗವನ್ನು ಸರಿಯಾಗಿ ಓದಿಲ್ಲ. ಮಾತು ಕೊಟ್ಟಿದ್ದಾನೆ ಎಂದು ಮನಸಾರೆ ನಂಬಿದವನು ಮಾತ್ರ ಹೀಗೆ ಕೇಳಬಲ್ಲ. ದೇವರ ಮಾತಿನ ಮೇಲೆ ಭರವಸೆಯಿಲ್ಲದವನಿಗೆ ಕೇಳುವುದಕ್ಕೆ ಏನೂ ಇರುವುದಿಲ್ಲ, ಅವನು ಸುಮ್ಮನೆ ಎದ್ದುಹೋಗುತ್ತಾನೆ. ಕೀರ್ತನೆಕಾರ ಎದ್ದುಹೋಗಲಿಲ್ಲ. ಕಣ್ಣೆದುರು ಅರಮನೆ ಬಿದ್ದಿದೆ. ಅದನ್ನು ಕಾಣದಂತೆ ನಟಿಸಲಿಲ್ಲ. ದೇವರ ಮಾತನ್ನು ಸಣ್ಣದು ಮಾಡಿ, ಅದರರ್ಥ ಬೇರೆಯೇ ಇತ್ತೆಂದು ಸಮಾಧಾನವನ್ನೂ ಹೇಳಿಕೊಳ್ಳಲಿಲ್ಲ. ಮಾತು ಮತ್ತು ಬೂದಿ ಎರಡನ್ನೂ ದೇವರ ಮುಂದೆಯೇ ಇಟ್ಟ. ವಾಗ್ದಾನದಲ್ಲಿ ಭರವಸೆಯಿಡುವುದೆಂದರೆ ಇದು ಎಂಬುದು ಈ ಬರಹದ ಮುಖ್ಯ ವಾದ. ಫಲ ಬರುವ ತಾರೀಕಿನ ಬಗ್ಗೆ ಖಚಿತವಾಗಿರುವುದು ಭರವಸೆಯಲ್ಲ. ಫಲ ಕಾಣದಾಗ ಬೇರೆ ಬಾಗಿಲಿಗೆ ಹೋಗದೆ, ಮಾತು ಕೊಟ್ಟವನನ್ನೇ ಹಿಡಿದು ಕೇಳುವುದು ಭರವಸೆ. ಯೋಬ ಮಾಡಿದ್ದು ಅದೇ. ಹಬಕ್ಕೂಕ ಮಾಡಿದ್ದು ಅದೇ. ಶಿಲುಬೆಯ ಮೇಲೆ ಯೇಸು ಕೂಗಿ ಕೇಳಿದ್ದೂ ಒಂದು ಕೀರ್ತನೆಯ ಮೊದಲ ಪ್ರಶ್ನೆಯನ್ನೇ.

ಸಂದರ್ಭದಿಂದ ಬಿಡಿಸಿದ ವಾಗ್ದಾನ ಎಷ್ಟು ಅಪಾಯಕರವೆಂದು ಸುವಾರ್ತೆಗಳೇ ತೋರಿಸಿಕೊಟ್ಟಿವೆ. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಯೇಸುವನ್ನು ದೇವಾಲಯದ ತುದಿಗೆ ಒಯ್ದು, ಕೆಳಗೆ ಹಾರು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಎನ್ನುವವನು ಸೈತಾನ. ಅವನು ಹೇಳಿದ್ದು ತೊಂಬತ್ತೊಂದನೆಯ ಕೀರ್ತನೆಯಿಂದ. ಇವತ್ತಿಗೂ ಮನೆಬಾಗಿಲುಗಳ ಮೇಲೆ, ಕಾರುಗಳ ಗಾಜಿನ ಮೇಲೆ ಇರುವ ಕೀರ್ತನೆ ಅದು. ವಚನ ಸುಳ್ಳಲ್ಲ, ಅದನ್ನು ಬಳಸಿದ ರೀತಿ ಸುಳ್ಳು. ಯೇಸು ಅದಕ್ಕೆ ಇನ್ನೊಂದು ವಚನದಿಂದಲೇ ಉತ್ತರ ಕೊಡುತ್ತಾನೆ. ದೇವರನ್ನು ಪರೀಕ್ಷೆಗೆ ಒಡ್ಡುವುದಕ್ಕೆ ಆತನ ಮಾತನ್ನೇ ಆಯುಧ ಮಾಡಿಕೊಳ್ಳಬಾರದು ಎಂಬುದು ಆ ಉತ್ತರದ ಸಾರ.

ಇದೆಲ್ಲ ಬರೀ ಪಾಠದ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇದರ ಪೆಟ್ಟು ಬೀಳುವುದು ಮನುಷ್ಯರ ಮೇಲೆ. ವರ್ಷದ ಕೊನೆಯಲ್ಲಿ ಸಾಕ್ಷಿ ಹೇಳಲು ಮೈಕು ಸಿಗುವುದು ಯಾರಿಗೆ ಎಂದು ನೋಡಿ. ಮನೆ ಕಟ್ಟಿಸಿದವರಿಗೆ, ಗಡ್ಡೆ ಕರಗಿದವರಿಗೆ, ಮಗಳಿಗೆ ಸೀಟು ಸಿಕ್ಕವರಿಗೆ. ಅವರ ಸ್ತೋತ್ರ ನಿಜವಾದದ್ದೇ. ಆದರೆ ಅದೇ ವರ್ಷ ಆರೋಗ್ಯದ ವಾಗ್ದಾನ ಎತ್ತಿಕೊಂಡು ಗಂಡನನ್ನು ಕಳೆದುಕೊಂಡ ಹೆಂಗಸೂ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಅವಳಿಗೆ ಮೈಕು ಇಲ್ಲ. ಇದ್ದರೂ ಆ ರಾತ್ರಿ ಅವಳು ಏನೆಂದು ಹೇಳಬೇಕು ಎಂಬುದಕ್ಕೆ ನಮ್ಮ ಸಭೆಗಳಲ್ಲಿ ಭಾಷೆಯೇ ಇಲ್ಲ. ಆರಾಧನೆ ಮುಗಿದ ಮೇಲೆ ಯಾರೋ ಬಂದು, ವಿಶ್ವಾಸ ಬಿಡಬೇಡಮ್ಮ ಎನ್ನುತ್ತಾರೆ. ಕೊರತೆ ಅವಳ ವಿಶ್ವಾಸದಲ್ಲೇ ಇತ್ತು ಎಂಬ ಅರ್ಥ ಅದರೊಳಗೆ ಅಡಗಿರುತ್ತದೆ. ಯೋಬನ ಗೆಳೆಯರು ಆಡಿದ್ದು ಇದೇ ಧಾಟಿಯ ಮಾತು, ಗ್ರಂಥದ ಕೊನೆಗೆ ದೇವರು ಕೋಪಗೊಂಡದ್ದು ಆ ಗೆಳೆಯರ ಮೇಲೆ. ಕೀರ್ತನೆಯ ಎರಡನೆಯ ಭಾಗವನ್ನು ಕಲಿಸದ ಸಭೆ ಅವಳ ಕೈಯಿಂದ ಪ್ರಾರ್ಥನೆಯನ್ನೇ ಕಿತ್ತುಕೊಂಡಂತೆ.

ಹಾಗಾದರೆ ಒಂದು ವಚನವನ್ನು ತನಗೇ ಹೇಳಿದ್ದೆಂದು ತೆಗೆದುಕೊಳ್ಳುವುದೇ ತಪ್ಪೇ? ಅಲ್ಲ. ಇದರ ಪರವಾಗಿ ಗಟ್ಟಿ ಸಾಕ್ಷಿಗಳಿವೆ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹೋಫರ್ ಹೆರ್ನ್‌ಹುಟ್ಟಿನ ದಿನವಚನಗಳನ್ನು ಓದುತ್ತಿದ್ದವನು. 1939ರ ಜೂನ್‌ನಲ್ಲಿ ಅವನು ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದ, ಗೆಳೆಯರು ಅಲ್ಲೇ ಇರು ಎಂದಿದ್ದರು. ಒಂದು ದಿನ ಅವನ ಕಣ್ಣಿಗೆ ಬಿದ್ದದ್ದು, ಚಳಿಗಾಲಕ್ಕೆ ಮುಂಚೆಯೇ ಬರಲು ಪ್ರಯತ್ನಿಸು ಎಂದು ಪೌಲ ತಿಮೊಥೆಯನಿಗೆ ಬರೆದ ಮಾತು. ಅದು ತನಗೇ ಹೇಳಿದಂತೆ ಅವನಿಗೆ ಕೇಳಿಸಿತು, ಹಾಗೆ ತೆಗೆದುಕೊಂಡರೆ ವಾಕ್ಯದ ದುರುಪಯೋಗವಾಗದು ಎಂದು ದಿನಚರಿಯಲ್ಲಿ ಬರೆದುಕೊಂಡ. ಮುಂದಿನ ತಿಂಗಳೇ ಹಿಟ್ಲರನ ಜರ್ಮನಿಗೆ ಹಿಂತಿರುಗಿದ. 1945ರ ಏಪ್ರಿಲ್ 9ರಂದು ನೇಣಿಗೇರಿದ. ಸಂದರ್ಭ ನೋಡಿದರೆ ಅದು ಪೌಲನ ಖಾಸಗಿ ಕಾಗದದ ಸಾಲು, ಬಾನ್‌ಹೋಫರನಿಗೆ ಬರೆದದ್ದಲ್ಲ. ಆದರೂ ಅವನ ಓದನ್ನು ನಾವು ತಪ್ಪೆನ್ನಲಾರೆವು. ಏಕೆಂದರೆ ಆ ವಚನ ಕಟ್ಟಿಹಾಕಿದ್ದು ಓದಿದವನನ್ನು. ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ನಾನು ನನ್ನದೆಂದು ಎತ್ತಿಕೊಂಡ ವಚನ ನನ್ನ ಮೇಲೆ ಏನನ್ನಾದರೂ ಹೊರಿಸುತ್ತದೆಯೇ, ಇಲ್ಲವೇ ದೇವರ ಮೇಲೆ ಮಾತ್ರ ಹೊರೆ ಹಾಕುತ್ತದೆಯೇ? ಎರಡನೆಯದಾದರೆ ಎಚ್ಚರ ಬೇಕು.

ಪಂಡಿತಾ ರಮಾಬಾಯಿಯನ್ನು ಈ ಅಳತೆಗೋಲಿನಿಂದ ನೋಡಬಹುದು. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರನ್ನೂ ಕಳೆದುಕೊಂಡಳು. ಹಸಿವೆಂದರೆ ಏನೆಂದು ಆಕೆಗೆ ಪುಸ್ತಕದಿಂದ ತಿಳಿದದ್ದಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. ಅದನ್ನು ನಡೆಸಲು ಅಮೆರಿಕದ ಹಿತೈಷಿಗಳು ಹತ್ತು ವರ್ಷಗಳ ಮಟ್ಟಿಗೆ ನೆರವಿನ ಮಾತು ಕೊಟ್ಟಿದ್ದರು. ಆ ಅವಧಿ ಮುಗಿಯುತ್ತ ಬಂದ ಕಾಲದಲ್ಲಿ, ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಪ್ರಾರ್ಥನೆಯ ಬಲದ ಮೇಲೆ ಸಾಕಿದ ಜಾರ್ಜ್ ಮುಲ್ಲರ್‌ನಂಥವರ ಬದುಕಿನ ಕಥೆಗಳು ತನ್ನನ್ನು ದೇವರ ಮಾತಿನ ಮೇಲೆ ನೇರವಾಗಿ ಭಾರ ಹಾಕಲು ಪ್ರೇರೇಪಿಸಿದವೆಂದು ಆಕೆ ತನ್ನ ಸಾಕ್ಷಿಯ ಪುಸ್ತಕದಲ್ಲಿ ಹೇಳುತ್ತಾಳೆ. 1896ರ ಹೊತ್ತಿಗೆ ಮಧ್ಯಪ್ರಾಂತದಲ್ಲಿ ಮತ್ತೆ ಬರ ಬಂತು.

ಆಗ ರಮಾಬಾಯಿ ಮಾಡಿದ್ದೇ ವಾಗ್ದಾನದ ಅತ್ಯುತ್ತಮ ವ್ಯಾಖ್ಯಾನ. ತನ್ನ ಸದನಕ್ಕೆ ಅನ್ನ ಬರಲೆಂದು ಕಾದು ಕೂರಲಿಲ್ಲ. ಬರದ ಸೀಮೆಗೆ ತಾನೇ ಹೋಗಿ, ಸಾಯಲು ಬಿದ್ದಿದ್ದ, ಮಾರಾಟವಾಗುವ ಅಪಾಯದಲ್ಲಿದ್ದ ನೂರಾರು ಹುಡುಗಿಯರನ್ನು ಕರೆತಂದಳು. ಪುಣೆಯ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಎಂಬ ನೆಲೆ ಬೆಳೆಯಿತು. 1900ರ ಬರದ ನಂತರ ಅಲ್ಲಿದ್ದವರ ಸಂಖ್ಯೆ ಸಾವಿರವನ್ನು ದಾಟಿತ್ತು. ದೇವರು ಕೊಡುತ್ತಾನೆ ಎಂಬ ನಂಬಿಕೆ ಆಕೆಯ ಊಟದ ಪಂಕ್ತಿಯನ್ನು ಉದ್ದ ಮಾಡಿತು. ನಂಬಿಕೆಯ ಜೊತೆಗೇ ಬಾವಿ ತೋಡಿಸಿದಳು, ಹೊಲ ಮಾಡಿಸಿದಳು, ಮಗ್ಗ ಹಾಕಿಸಿದಳು, ಅಚ್ಚುಕೂಟ ಇಟ್ಟಳು, ಬೈಬಲ್ಲನ್ನು ಮರಾಠಿಗೆ ತಂದಳು. ಆಕೆಗೆ ನಷ್ಟವೇ ಆಗಲಿಲ್ಲ ಎನ್ನುವಂತಿಲ್ಲ. ತನ್ನ ನಂತರ ಕೆಲಸ ಮುಂದುವರಿಸುವಳೆಂದು ನೆಚ್ಚಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ಮರುವರ್ಷ ರಮಾಬಾಯಿಯೂ ತೀರಿಕೊಂಡಳು. ಇಂಥ ಬದುಕನ್ನು ಈಡೇರಿದ, ಈಡೇರದ ವಾಗ್ದಾನಗಳ ಎರಡು ಪಟ್ಟಿ ಮಾಡಿ ಅಳೆಯಲಾಗದು.

ಇಲ್ಲಿ ಪೌಲನ ಒಂದು ಮಾತು ಸಹಾಯಕ್ಕೆ ಬರುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ದೇವರ ವಾಗ್ದಾನಗಳೆಷ್ಟಿದ್ದರೂ ಅವುಗಳಿಗೆಲ್ಲ ಕ್ರಿಸ್ತನಲ್ಲೇ ಹೌದು ಎಂಬ ಉತ್ತರವಿದೆ ಎನ್ನುತ್ತಾನೆ. ಅದನ್ನು ಹೇಳುವ ಸಂದರ್ಭ ಸೊಗಸಾಗಿದೆ. ಬರುತ್ತೇನೆಂದು ಹೇಳಿ ಪ್ರಯಾಣದ ಯೋಜನೆ ಬದಲಿಸಿದ್ದಕ್ಕೆ, ಮಾತಿಗೆ ನಿಲ್ಲದವನು ಎಂಬ ಆಪಾದನೆ ಪೌಲನ ಮೇಲೆ ಬಂದಿತ್ತು. ಅವನ ಯೋಜನೆ ಬದಲಾಯಿತು. ದೇವರ ಹೌದು ಬದಲಾಗಲಿಲ್ಲ. ಆ ಹೌದು ಬಿಡಿಬಿಡಿಯಾಗಿ ಹಂಚಿಹೋಗಿಲ್ಲ, ಒಬ್ಬ ವ್ಯಕ್ತಿಯಲ್ಲಿ, ಅವನ ಶಿಲುಬೆ ಮತ್ತು ಪುನರುತ್ಥಾನದಲ್ಲಿ ಕೂಡಿಕೊಂಡಿದೆ. ಗೆತ್ಸೇಮನೆಯಲ್ಲಿ ಪಾತ್ರೆ ತಪ್ಪಲಿ ಎಂದು ಬೇಡಿದ ಅವನಿಗೆ ಪಾತ್ರೆ ತಪ್ಪಲಿಲ್ಲ. ಅವನಲ್ಲಿ ಹೌದು ಎನಿಸಿಕೊಂಡ ವಾಗ್ದಾನಗಳು ನಮ್ಮ ಪಾತ್ರೆಗಳನ್ನೆಲ್ಲ ತಪ್ಪಿಸುತ್ತವೆ ಎಂದು ಹೇಳುವ ಅಧಿಕಾರ ಯಾವ ಪ್ರಸಂಗಿಗೂ ಇಲ್ಲ. ಪಾತ್ರೆಯ ಆಚೆಗೂ ದೇವರು ಬಿಡುವುದಿಲ್ಲ ಎಂದು ಹೇಳುವ ಅಧಿಕಾರ ಮಾತ್ರ ಇದೆ, ಅದನ್ನು ಧೈರ್ಯವಾಗಿ ಹೇಳಬೇಕು.

ಕಾರ್ಡನ್ನು ನಿಲ್ಲಿಸಿಬಿಡಿ ಎಂಬುದು ನನ್ನ ಸಲಹೆಯಲ್ಲ. ಜನರ ಕೈಯಿಂದ ಒಂದು ವಚನವನ್ನು ಕಿತ್ತುಕೊಂಡು ಅದರ ಜಾಗಕ್ಕೆ ಏನನ್ನೂ ಇಡದ ಸುಧಾರಣೆ ಸುಧಾರಣೆಯಲ್ಲ. ಆದರೆ ತಿದ್ದಿಕೊಳ್ಳುವುದು ಕಷ್ಟವೇನಲ್ಲ. ಸಭೆಗೆಲ್ಲ ಒಂದೇ ವಚನವಿರಲಿ, ಆ ರಾತ್ರಿಯೇ ಅದು ಬಂದ ಅಧ್ಯಾಯವನ್ನು ಪೂರ್ತಿ ಓದಲಿ. ಇಡೀ ಬೈಬಲ್ ಕನ್ನಡದಲ್ಲಿ ಸಿಗತೊಡಗಿ ಸುಮಾರು ಎರಡು ಶತಮಾನವಾಗಿದೆ, ಅಕ್ಕಪಕ್ಕದ ವಚನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಸಭಾಪಾಲಕರು ವಾಗ್ದಾನದ ಜೊತೆಗೆ ಅದು ಕೇಳುವ ಕೆಲಸವನ್ನೂ ಹೇಳಲಿ. ಯೆರೆಮೀಯನ ವಚನ ಕೊಟ್ಟರೆ ನಾವಿರುವ ಊರಿನ ಹಿತಕ್ಕೆ ಈ ವರ್ಷ ಏನು ಮಾಡುತ್ತೇವೆ ಎಂದು ಸಭೆ ಗೊತ್ತುಮಾಡಲಿ. ಒಡಂಬಡಿಕೆಯ ಆರಾಧನೆ ಮತ್ತೆ ಬಳಕೆಗೆ ಬರಲಿ. ಎಲ್ಲಕ್ಕಿಂತ ಹೆಚ್ಚಾಗಿ, ವರ್ಷದ ಕೊನೆಯ ಆರಾಧನೆಯಲ್ಲಿ ಎಂಬತ್ತೊಂಬತ್ತನೆಯ ಕೀರ್ತನೆಯನ್ನು ಕೊನೆಯವರೆಗೂ, ಮೂವತ್ತೆಂಟನೆಯ ವಚನವನ್ನು ದಾಟಿ, ಗಟ್ಟಿಯಾಗಿ ಓದಲಿ. ಕಾದು ಸೋತವರಿಗೂ ಮೈಕು ಕೊಡಲಿ, ಅವರು ಹೇಳಿದ್ದಕ್ಕೂ ಸಭೆ ಆಮೆನ್ ಎನ್ನಲಿ.

ಇದರಿಂದ ಜನರ ನಂಬಿಕೆ ಸಡಿಲವಾದೀತು ಎಂಬ ಭಯ ಕೆಲವು ಪಾಲಕರಿಗಿದೆ. ನನಗೆ ಕಾಣುವುದು ಇದಕ್ಕೆ ತಿರುಗುಮುರುಗು. ಒಂದು ವರ್ಷದ ಮಟ್ಟಿಗೆ ಕೊಟ್ಟ ಸಣ್ಣ ಭರವಸೆ ಆ ವರ್ಷದೊಳಗೆ ಸೋಲುತ್ತದೆ, ಸೋತದ್ದನ್ನು ಮುಚ್ಚಲು ಮುಂದಿನ ಜನವರಿಗೆ ಹೊಸ ಕಾರ್ಡು ಬೇಕಾಗುತ್ತದೆ. ಎಪ್ಪತ್ತು ವರ್ಷದ ಮಾತನ್ನು ಎಪ್ಪತ್ತು ವರ್ಷವೆಂದೇ ಕೇಳಿಸಿಕೊಂಡವರಿಗೆ ಆ ಅವಸ್ಥೆ ಇಲ್ಲ. ಬಾಬೆಲಿನಲ್ಲಿ ಮನೆ ಕಟ್ಟಿ, ಮಕ್ಕಳಿಗೆ ಯೆರೂಸಲೇಮಿನ ದಾರಿ ಹೇಳಿಕೊಟ್ಟು ಸತ್ತವರು ಇದ್ದದ್ದರಿಂದಲೇ ಕ್ರಿಸ್ತಪೂರ್ವ 538ರಲ್ಲಿ ಅರಸ ಕೋರೆಷ ಬಾಗಿಲು ತೆರೆದಾಗ ಹಿಂತಿರುಗಲು ಒಂದು ಜನಾಂಗ ಉಳಿದಿತ್ತು. ತಾವು ಕಾಣದ ಫಲಕ್ಕಾಗಿ ಹಾಗೆ ದುಡಿಯಬಲ್ಲವರನ್ನು ತಯಾರುಮಾಡುವುದೇ ವಾಗ್ದಾನ ಸಾರುವ ಸಭೆಯ ಕೆಲಸ.